ದೇವರ ಕಾರಿಗೆ ಡೀಸೆಲ್

ಕಾರಿನ ಮುಂದೆ ಇನ್ನೊಂದು ತೆಂಗಿನಕಾಯಿ ಒಡೆಯುವುದನ್ನು ತಡೆಯಲು ಸಬ್ ಇನ್‌ಸ್ಪೆಕ್ಟರ್ ಗಂಗಾಲಕ್ಷ್ಮಿ ಬಾನೆಟ್ಟಿನ ಮೇಲೆ ಲಾಠಿ ಅಡ್ಡ ಇಡಬೇಕಾಯಿತು.

"ಯಾರ್ರೀ ಅದು, ಪೊಲೀಸ್ ಸಾಕ್ಷಿಗೆ ಕುಂಕುಮ ಬಳಿದಿರೋದು?"

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ರಸ್ತೆ. ಎರಡೂ ಪಕ್ಕ ಮಾವಿನ ತೋಪು, ಕೊಯ್ಲಿನ ಕಾಲ. ಹಣ್ಣು ಕೀಳುವುದನ್ನು ಬಿಟ್ಟು ಬಂದ ಹೆಂಗಸರು ಗಂಡಸರು ಆ ಬಿಳಿ ಕಾರಿನ ಸುತ್ತ ಕೈಮುಗಿದು ನಿಂತಿದ್ದರು. ಚಕ್ರಕ್ಕೆ ನಿಂಬೆಹಣ್ಣು, ವೈಪರಿಗೆ ಕಣಗಿಲೆ ಹಾರ. ಇನ್ನೊಂದು ಗಳಿಗೆ ತಡವಾಗಿದ್ದರೆ ಚಪ್ಪರವನ್ನೂ ಹಾಕಿಬಿಡುತ್ತಿದ್ದರೇನೋ.

ಮುಳಬಾಗಿಲಿನ ಆಡಿಟರ್ ಸಂಕರ್ಷಣರ ಮನೆಯಿಂದ ತಲೆಮಾರುಗಳ ನರಸಿಂಹದೇವರ ಪೆಟ್ಟಿಗೆಯೂ ಮನೆಯ ಕಾರೂ ಆ ದಿನ ಬೆಳಿಗ್ಗೆ ಒಟ್ಟಿಗೇ ಕಾಣೆಯಾಗಿದ್ದವು. ಕಾರು ಇಲ್ಲಿ ಸಿಕ್ಕಿತು, ದೇವರು ಸಿಗಲಿಲ್ಲ. ಕಾರನ್ನು ಹುಡುಕಿಕೊಂಡು ಬೈಕಿನಲ್ಲಿ ಬಂದ ಡ್ರೈವರ್ ಸುರೇಶ್ ಮಾತ್ರ ಅದರ ಪಕ್ಕದಲ್ಲೇ ಜನರ ಕೈಗೆ ಸಿಕ್ಕಿಬಿದ್ದಿದ್ದ.

ಈಗ ಅವನು ಲಾಕಪ್ಪಿನಲ್ಲಿದ್ದ. ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಎಂದು ಮೇಲಿನವರ ಆಜ್ಞೆ. ಅವನ ಹೆಂಡತಿ ಭಾರತಮ್ಮ ಠಾಣೆಯ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ. "ನನ್ ಗಂಡ ಆ ಮನೆ ದೇವ್ರ ಕೋಣೆ ಹೊಸಲೂ ದಾಟಿಲ್ಲ ಮೇಡಂ" ಎಂದು ಒಂದೇ ಮಾತನ್ನು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು. ಆ ಮಾತು ಗಂಗಾಲಕ್ಷ್ಮಿಯ ಕಿವಿಯಲ್ಲಿ ಇನ್ನೂ ಇತ್ತು.

"ನೋಡಿ ಮೇಡಂ," ಹೆಡ್ ಕಾನ್‌ಸ್ಟೇಬಲ್ ಅಶ್ವತ್ಥಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. "ಇನ್ ಮುಂದಕ್ಕೆ ಬರಲ್ಲ ಅಂದ್ಬಿಟ್ಟ ಸ್ವಾಮಿ. ಬಿಳೀ ಹೊಗೆ ಬಂತಂತೆ, ಧೂಪ ಹಾಕ್ದಂಗೆ. ಎರಡು ಸಲ ಕೆಮ್ಮಿ ನಿಂತೋಯ್ತಂತೆ. ತೋಪಿನೋರು ಓಡಿ ಬಂದು ನೋಡಿದ್ರೆ ಒಳಗೆ ಯಾರೂ ಇಲ್ಲ. ದೇವುಡುನ್ನಾಡು ಮೇಡಂ."

ದೇವರಿದ್ದಾನೆ ಎಂಬುದನ್ನು ತೆಲುಗಿನಲ್ಲಿ ಹೇಳಿದರೆ ಅಶ್ವತ್ಥಪ್ಪನವರಿಗೆ ಇನ್ನೂ ಗಟ್ಟಿಯಾಗಿ ನಂಬಿಕೆ ಬರುತ್ತಿತ್ತು.

"ನಮ್ಮನೇಲಿ ದೇವರೇ ಇಲ್ಲ ರೀ. ನಮ್ಮಮ್ಮ ಶುಕ್ರವಾರ ಆದ್ರೆ ಖಾಲಿ ಗೂಡಿಗೆ ದೀಪ ಹಚ್ತಾಳೆ. ಯಾರಿಗಮ್ಮಾ ಅಂದ್ರೆ, ಬರೋರಿಗೆ ಅಂತಾಳೆ. ಅಂಥ ಮನೇಲಿ ಬೆಳೆದೋಳಿಗೆ ನಿಮ್ಮಷ್ಟು ಭಕ್ತಿ ಎಲ್ಲಿಂದ ಬರುತ್ತೆ?"

ಅವಳ ತವರು ಈ ತೋಪುಗಳ ಆಚೆಗೇ ಇತ್ತು. ಬೆಳಿಗ್ಗೆ ಫೋನು ಮಾಡಿದಾಗ ತಾಯಿ ದೊಡ್ಡಗಂಗಮ್ಮ ಎತ್ತಿರಲಿಲ್ಲ. ಮಾವು ಕೀಳುವ ಕಾಲದಲ್ಲಿ ಫೋನು ಎತ್ತುವ ಪುರುಸೊತ್ತು ಯಾರಿಗಿರುತ್ತದೆ ಎಂದುಕೊಂಡು ಅವಳೂ ಸುಮ್ಮನಾಗಿದ್ದಳು.

ಗಂಗಾಲಕ್ಷ್ಮಿ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಗು ಹತ್ತಿರ ತಂದಳು. ಪಂಪ್‌ಸೆಟ್ಟಿನ ಸದ್ದಿನಲ್ಲಿ ನಿದ್ದೆ ಮಾಡಿ ಬೆಳೆದವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಡೀಸೆಲ್ ಕಣ್ರೀ. ಪೆಟ್ರೋಲ್ ಕಾರಿಗೆ ಡೀಸೆಲ್ ಕುಡಿಸಿದಾರೆ. ಅದು ಧೂಪ ಅಲ್ಲ, ಅಜೀರ್ಣ."

ಅಶ್ವತ್ಥಪ್ಪ ಸೋಲುವವರಲ್ಲ. "ಸರಿ ಮೇಡಂ, ಡೀಸೆಲ್ಲೇ ಅನ್ನಿ. ಅದನ್ನ ಕುಡಿಸೋ ಬುದ್ಧಿ ಕೊಟ್ಟೋನು ಯಾರು?"

ಆ ಪ್ರಶ್ನೆಯಲ್ಲಿ ಅರ್ಧ ತನಿಖೆ ಇದೆ ಎಂದು ಗಂಗಾಲಕ್ಷ್ಮಿಗೆ ಅನ್ನಿಸಿತು. ಸುರೇಶ್ ಇದೇ ಕಾರನ್ನು ಕೊಂಡ ದಿನದಿಂದ ಓಡಿಸುತ್ತಿದ್ದವನು. ತನ್ನ ಎಮ್ಮೆ ಏನು ತಿನ್ನುತ್ತದೆ ಎಂದು ಗೊತ್ತಿಲ್ಲದ ಗೌಳಿಗನುಂಟೆ?

ಡ್ರೈವರ್ ಸೀಟಿನಲ್ಲಿ ಕೂರಲು ಹೋದಳು. ಮೊಣಕಾಲು ಸ್ಟೇರಿಂಗಿಗೆ ತಗುಲಿತು. ಸೀಟನ್ನು ಮುಂದಕ್ಕೆ, ಇನ್ನೇನು ಜಾಗವಿಲ್ಲ ಎನ್ನುವಷ್ಟು ಮುಂದಕ್ಕೆ ಎಳೆದಿದ್ದರು. ಸುರೇಶ್ ಠಾಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ ಆಳು, ಇಲ್ಲಿ ಮಡಚಿಟ್ಟರೂ ಹಿಡಿಸುತ್ತಿರಲಿಲ್ಲ.

ಸೀಟಿನ ಬಟ್ಟೆ ಕೈಗೆ ತಣ್ಣಗೆ ತಾಗಿತು. ಒದ್ದೆ. ಪಕ್ಕದ ಸೀಟು ಒಣಗಿತ್ತು, ಅದರ ಮೇಲೆ ಬಾಡಿದ ಒಂದು ತುಳಸಿ ಎಲೆ ಇತ್ತು.

"ಮಳೆ ಬಂದಿತ್ತೇನ್ರೀ ಬೆಳಿಗ್ಗೆ?"

"ಮಳೆನಾ? ಆಕಾಶದಲ್ಲಿ ಮೋಡಾನೇ ಇಲ್ಲ ಮೇಡಂ."

ಗಂಗಾಲಕ್ಷ್ಮಿ ತುಳಸಿ ಎಲೆಯನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡಳು.

* * *

ಮುಳಬಾಗಿಲು ದಾಟುತ್ತಿದ್ದಂತೆ ಸಿಗುವ ಪೆಟ್ರೋಲ್ ಬಂಕಿನಲ್ಲಿ ಚಿಕ್ಕಗಂಗಮ್ಮ ಎಂಬ ಹೆಣ್ಣುಮಗಳು ಪೈಪು ಹಿಡಿದು ನಿಂತಿದ್ದಳು. ಪೊಲೀಸ್ ಜೀಪು ಕಂಡ ಕೂಡಲೇ ಅಳಲು ಶುರು ಮಾಡಿದಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡ ಹಾಗಾಯಿತು.

"ನಾನ್ ಕೇಳ್ದೆ ಮೇಡಂ, ನನ್ನ ಮಕ್ಕಳಾಣೆಗೂ ಕೇಳ್ದೆ! ಆ ಕಾರು ಎರಡರಲ್ಲೂ ಬರುತ್ತೆ. ಡೀಸೆಲ್ಲಾ ಅಂತ ಕೇಳ್ದೆ. ಹೂಂ ಅಂತ ತಲೆ ಆಡ್ಸಿದ್ರು, ಹಾಕ್ದೆ. ಕೆಲ್ಸ ಹೋಗುತ್ತಾ ಮೇಡಂ?"

"ಯಾರೂ ಕೆಲಸ ತೆಗೀತಾ ಇಲ್ಲ. ಕಣ್ಣೊರೆಸ್ಕೋ. ಓಡಿಸ್ತಿದ್ದದ್ದು ಸುರೇಶನಾ?"

"ಸುರೇಶಣ್ಣ ಆಗಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಅವ್ನು ಮುಚ್ಚಳ ತೆಗೆಯಕ್ಕೆ ಮುಂಚೆನೇ ಪೆಟ್ರೋಲು ಪೆಟ್ರೋಲು ಅಂತ ಬಂಕೆಲ್ಲ ಕೇಳೋ ಹಂಗೆ ಕೂಗ್ತಾನೆ. ಇವ್ರು ಯಾರೋ ಅಯ್ನೋರು. ತಲೆ ಮೇಲಿಂದ ಒದ್ದೆ ಬಿಳೀ ಬಟ್ಟೆ ಹೊದ್ದಿದ್ರು, ಮುಖ ಕಾಣ್ಲಿಲ್ಲ. ಒಂದು ಮಾತಾಡ್ಲಿಲ್ಲ ಮೇಡಂ, ಒಂದು!"

"ಗಂಡಸು ಅಂತ ಹೆಂಗೆ ಗೊತ್ತಾಯ್ತು?"

"ಕೈಯಲ್ಲಿ ಬಳೆ ಇರ್ಲಿಲ್ವಲ್ಲ" ಎಂದಳು ಚಿಕ್ಕಗಂಗಮ್ಮ. ಆಮೇಲೆ ದನಿ ತಗ್ಗಿಸಿದಳು. "ನೋಟನ್ನ ಕೈಗೆ ಕೊಡ್ಲಿಲ್ಲ ಮೇಡಂ. ಮೇಲಿಂದ ಬಿಟ್ರು. ನಾವೇನು ಮುಟ್ಬಾರ್ದೋರಾ?"

ಗಂಗಾಲಕ್ಷ್ಮಿಗೆ ಒಳಗೇ ಚುರುಕ್ಕೆಂದಿತು. ಹಾಗೆ ಮೇಲಿನಿಂದ ಬಿಟ್ಟದ್ದನ್ನು ಬೊಗಸೆಯೊಡ್ಡಿ ಹಿಡಿದವರ ಮನೆಯ ಮಗಳು ಅವಳು. ಕ್ಯಾಮೆರಾ ನೋಡೋಣವೆಂದರೆ, ನಡುವೆ ನಿಂತಿದ್ದ ಮಾವಿನ ಲಾರಿಯ ಬೆನ್ನು ಬಿಟ್ಟು ಅದರಲ್ಲಿ ಬೇರೇನೂ ಕಾಣಲಿಲ್ಲ.

"ಪಕ್ಕದ ಸೀಟಲ್ಲಿ ಯಾರಾದ್ರೂ ಇದ್ರಾ?"

"ಯಾರೂ ಇಲ್ಲ. ಒಂದು ಪೆಟ್ಟಿಗೆ ಇತ್ತು, ಕೆಂಪು ಪಟ್ಟೆ ಬಟ್ಟೆ ಹೊದಿಸಿ. ಅದಕ್ಕೆ ಸೀಟ್‌ಬೆಲ್ಟ್ ಹಾಕಿದ್ರು ಮೇಡಂ. ತಾವ್ ಹಾಕ್ಕೊಂಡಿರ್ಲಿಲ್ಲ, ಪೆಟ್ಟಿಗೆಗೆ ಹಾಕಿದ್ರು."

ಅಶ್ವತ್ಥಪ್ಪ ಫಕ್ಕನೆ ನಗಬೇಕೆಂದು ಬಾಯಿ ತೆರೆದವರು ನಗದೆ ಹಾಗೇ ಮುಚ್ಚಿಕೊಂಡರು.

ಒದ್ದೆ ಬಟ್ಟೆ. ಮುಟ್ಟದ ಕೈ. ಬಿಡದ ಬಾಯಿ. ಅದು ಅವಮಾನ ಮಾತ್ರವಲ್ಲ, ಮಡಿ. ಬಾವಿಯ ನೀರು ಸುರಿದುಕೊಂಡು, ಉಟ್ಟ ಬಟ್ಟೆಯನ್ನು ಹಿಂಡದೆ, ದೇವರನ್ನು ಎತ್ತಿಕೊಂಡು ಹೊರಟವರು ಯಾರೋ ಇದ್ದರು. ಬಂಕಿನಲ್ಲಿ ನಿಂತು "ಅಲ್ಲಮ್ಮ, ಪೆಟ್ರೋಲು" ಎನ್ನುವ ಒಂದು ಮಾತಿಗೆ ಕಾರು ಉಳಿಯುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಆ ಒಂದು ಮಾತನ್ನೂ ಅವರು ಆಡಲಿಲ್ಲ.

ಕದ್ದ ದೇವರನ್ನು ಮಡಿಯಲ್ಲಿ ಒಯ್ಯುವ ಕಳ್ಳ! ಕದಿಯುವಾಗ ಚಪ್ಪಲಿ ಹೊರಗೆ ಬಿಟ್ಟವನನ್ನು ಅವಳು ಕಂಡಿದ್ದಳು, ಹುಂಡಿ ಒಡೆದು ಮೇಲೆ ತಪ್ಪುಕಾಣಿಕೆ ಹಾಕಿದವನನ್ನೂ ಕಂಡಿದ್ದಳು. ಇಂಥ ಕಳ್ಳತನವನ್ನು ಕಂಡಿರಲಿಲ್ಲ.

"ಸುರೇಶ ಅಲ್ಲ ಕಣ್ರೀ" ಎಂದಳು ಜೀಪು ಹತ್ತುತ್ತಾ. "ಆ ಮನೆಯವರೇ."

"ಸಂಕರ್ಷಣ ಸಾಮೇರಾ? ಕಂಪ್ಲೇಂಟ್ ಕೊಟ್ಟೋರೇ ಅವ್ರಲ್ವಾ?"

"ಕಂಪ್ಲೇಂಟ್ ಕೊಟ್ಟೋರು ಕದಿಬಾರ್ದು ಅಂತ ಯಾವ ಕಾನೂನಲ್ಲಿದೆ? ನಡೀರಿ."

* * *

ಸಂಕರ್ಷಣ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಫೋನಿನಲ್ಲಿದ್ದರು. ಎತ್ತರದ ಆಳು, ಎತ್ತರಕ್ಕೆ ತಕ್ಕ ಹೊಟ್ಟೆ. ಆ ಹೊಟ್ಟೆಯನ್ನು ಕಂಡ ಕೂಡಲೇ ಗಂಗಾಲಕ್ಷ್ಮಿಗೆ ಮುಂದಕ್ಕೆಳೆದ ಸೀಟು ನೆನಪಾಗಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಅನುಮಾನ ಅರ್ಧ ಕುಸಿಯಿತು.

"ಸುರೇಶ ಬಾಯಿಬಿಟ್ಟನಾ ಮೇಡಂ?"

"ಅವನದಲ್ಲ, ನಿಮ್ಮದು ಬಿಡಿಸೋಣ ಅಂತ ಬಂದೆ. ಮನೆಯಿಂದ ಪೆಟ್ಟಿಗೆ ಹೊರಗೆ ತಗೊಂಡು ಹೋಗ್ಬೇಕಾದ್ರೆ ನಿಮ್ಮಲ್ಲಿ ಏನಾದ್ರೂ ಪದ್ಧತಿ ಇದೆಯಾ?"

"ಅಯ್ಯೋ, ನಮ್ಮ ಅಪ್ಪನ ಕಾಲಕ್ಕೆ ಅದೊಂದು ದೊಡ್ಡ ಕಥೆ" ಎಂದು ಸಂಕರ್ಷಣ ನಕ್ಕರು. "ನರಸಿಂಹ ಹೊಸಲು ದಾಟಿದರೆ ಹೊತ್ತವರು ಮಾತಾಡೋ ಹಾಗಿಲ್ಲ. ಇನ್ನೊಂದು ಕಡೆ ಅವನು ಪೀಠದ ಮೇಲೆ ಕೂರೋವರೆಗೂ ಮೌನ. ದಾರೀಲಿ ಬೇರೆಯವರ ಕೈಗೆ ಕೊಟ್ಟರೂ ಅಷ್ಟೇ, ಮೊದಲು ಹೊತ್ತವರ ಮೌನ ಮುಗಿಯೋದಿಲ್ಲ. ಈಗ ಯಾರು ಮಾಡ್ತಾರೆ ಹೇಳಿ? ಹೋದ ವರ್ಷ ನಾನೇ ತಗೊಂಡು ಹೋದೆ, ದಾರಿಯುದ್ದಕ್ಕೂ ಫೋನಲ್ಲೇ ಇದ್ದೆ."

ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಉಳಿದ ಅರ್ಧ ಅನುಮಾನವೂ ಕುಸಿಯಿತು.

"ಮನೇಲಿ ಇದನ್ನ ತಿಳಿದೋರು ಬೇರೆ ಯಾರಿದಾರೆ?"

"ನಮ್ಮ ಸೋದರತ್ತೆ ಅಂಬಾಬಾಯಿ ಇದಾರೆ. ಆದರೆ ನಮ್ಮಲ್ಲಿ ಹೆಂಗಸರು ಆ ಪೆಟ್ಟಿಗೆ ಮುಟ್ಟೋ ಹಾಗಿಲ್ಲ. ಅವರನ್ನ ಕೇಳಿ ಪ್ರಯೋಜನಾನೂ ಇಲ್ಲ ಮೇಡಂ, ಪಾಪ. ರಾತ್ರಿ ನಾನು ಕೋಲಾರದಲ್ಲಿದ್ದೆ. ಬೆಳಿಗ್ಗೆ ಬಂದು ದೇವರಿಲ್ಲ ಅಂತ ಕೂಗಿಕೊಂಡೆ ನೋಡಿ, ಆಗಿನಿಂದ ಆಘಾತಕ್ಕೆ ಮಾತೇ ನಿಂತುಹೋಗಿದೆ."

ಗಂಗಾಲಕ್ಷ್ಮಿ ಎದ್ದು ನಿಂತಳು.

"ಮಾತು ನಿಂತುಹೋಗಿದೆ" ಎಂದು ಮೆಲ್ಲಗೆ ತನಗೇ ಹೇಳಿಕೊಂಡಳು. "ನಿಮ್ಮ ಅತ್ತೆಗೆ ಕಾರು ಓಡಿಸೋಕೆ ಬರುತ್ತಾ?"

"ಬಿಟ್ಟು ಎಷ್ಟೋ ಕಾಲ ಆಯ್ತು. ತೋಟಗಾರಿಕೆ ಇಲಾಖೆಯಲ್ಲಿದ್ದಾಗ ಶ್ರೀನಿವಾಸಪುರದ ಹಳ್ಳಿ ಹಳ್ಳಿನೂ ಜೀಪಲ್ಲಿ ತಾವೇ ಸುತ್ತೋರು. ಯಾಕೆ?"

ಜೀಪು. ಆ ಕಾಲದ ಇಲಾಖೆಯ ಜೀಪು ಕುಡಿಯುತ್ತಿದ್ದದ್ದು ಡೀಸೆಲ್ಲು. ವರ್ಷಗಟ್ಟಲೆ ಬಂಕಿನಲ್ಲಿ "ಡೀಸೆಲ್ಲಾ?" ಎಂದವರಿಗೆಲ್ಲ ಹೂಂ ಎಂದು ಆಡಿಸಿ ಪಳಗಿದ ತಲೆ. ಬಾಯಿಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ ತಲೆ ತನ್ನಷ್ಟಕ್ಕೆ ತಾನು ಆಡಿತ್ತು.

ಅದರ ಜೊತೆಗೇ ಇನ್ನೊಂದು ನೆನಪು ಎದ್ದು ಬಂತು. ಧೂಳೆಬ್ಬಿಸಿಕೊಂಡು ಊರಿಗೆ ಬರುತ್ತಿದ್ದ ಹಸಿರು ಜೀಪು, ಅದರ ಹಿಂದೆ "ಜೀಪ್ ಮೇಡಂ, ಜೀಪ್ ಮೇಡಂ" ಎಂದು ಓಡುತ್ತಿದ್ದ ಮಕ್ಕಳು. ಆ ಮಕ್ಕಳಲ್ಲಿ ಅವಳೂ ಒಬ್ಬಳಾಗಿದ್ದಳು. ಮಾವಿನ ಕಸಿ ಕಟ್ಟುವುದನ್ನು ಅವಳ ಅಮ್ಮನಿಗೆ ಕಲಿಸಿದವರೇ ಆ ಮೇಡಂ.

* * *

ಹಿತ್ತಲ ಜಗಲಿಯಲ್ಲಿ, ತುಳಸಿಕಟ್ಟೆಗೆ ಎದುರಾಗಿ ಅಂಬಾಬಾಯಿ ಕೂತಿದ್ದರು. ಒಂದು ಹಿಡಿಯಷ್ಟು ಜೀವ. ಬೋಳು ಕೈ. ಉಟ್ಟ ಬಿಳಿ ಸೀರೆ ಮೈಮೇಲೇ ಒಣಗಿ ಗರಿಗರಿಯಾಗಿತ್ತು. ಪಕ್ಕದಲ್ಲಿ ಗುಂಡಿಯ ಹಳೆಯ ಫೋನು. ಎದುರಿಗಿಟ್ಟ ಲೋಟದ ನೀರನ್ನು ಅವರು ಮುಟ್ಟಿಯೇ ಇರಲಿಲ್ಲ. ಹಿಮ್ಮಡಿಯಲ್ಲಿ ತೋಪಿನ ಕೆಂಪು ಮಣ್ಣು ಒಣಗಿ ಬಿರಿದಿತ್ತು.

ಗಂಗಾಲಕ್ಷ್ಮಿ ಅವರ ಎದುರು ನೆಲದ ಮೇಲೆ ಕೂತಳು. ಅಶ್ವತ್ಥಪ್ಪ ಬಾಗಿಲಲ್ಲಿ ನಿಂತರು.

"ಅಮ್ಮಾ, ನಿಮಗೆ ಆಘಾತ ಆಗಿಲ್ಲ. ನೀವು ಮೌನದಲ್ಲಿದೀರಿ."

ಅಂಬಾಬಾಯಿ ಕಣ್ಣೆತ್ತಿ ನೋಡಿದರು. ಹೆದರಿಕೆ ಇರಲಿಲ್ಲ.

"ಕಾರು ಓಡಿಸಿದ್ದು ನೀವು. ಡೀಸೆಲ್ಲಿಗೆ ತಲೆ ಆಡಿಸಿದ್ದು ನೀವು. ಕಾರು ಕೆಟ್ಟು ನಿಂತ ಮೇಲೆ ಪೆಟ್ಟಿಗೆಯನ್ನ ಯಾರ ಕೈಗೋ ಕೊಟ್ಟು, ಸಂಕರ್ಷಣ ಬರೋದ್ರೊಳಗೆ ಬಸ್ಸು ಹಿಡಿದು ಬಂದು ಇಲ್ಲಿ ಕೂತ್ರಿ. ಸರಿನಾ?"

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಪೊಲೀಸರಿಗೆ ಆ ಬಂಗಾರದಿಂದ ಕಾಸಿನ ಉಪಯೋಗವಿಲ್ಲ.

"ನೀವಿನ್ನೂ ಮಾತಾಡ್ತಿಲ್ಲ ಅಂದ್ರೆ ದೇವರಿನ್ನೂ ಕೂತಿಲ್ಲ. ಯಾರೋ ಹೊತ್ಕೊಂಡು ನಡೀತಾನೇ ಇದಾರೆ. ಯಾರಮ್ಮಾ ಅದು?"

ಗಂಗಾಲಕ್ಷ್ಮಿ ಪೆನ್ನು ತೆಗೆದು ಮುಂದಿಟ್ಟಳು. ಅಂಬಾಬಾಯಿ ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದರು. ಬರೆಯುವುದೂ ಮಾತೇ.

ಆಗ ಅವಳಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು.

"ಸುರೇಶ ಲಾಕಪ್ಪಿನಲ್ಲಿದಾನೆ. ಸಂಜೆಗೆ ಜೈಲಿಗೆ ಹೋಗ್ತಾನೆ. ಅವನ ಹೆಂಡತಿ ಅನ್ನ ನೀರು ಬಿಟ್ಟು ಠಾಣೆ ಮೆಟ್ಟಿಲ ಮೇಲೆ ಕೂತಿದಾಳೆ. ನಿಮ್ಮದೊಂದು ಮಾತು ಸಾಕು, ಅವನು ಮನೆಗೆ ಹೋಗ್ತಾನೆ. ಅವನಿಗಿಂತ ನಿಮ್ಮ ಮಡಿ ದೊಡ್ಡದಾ?"

ಅಂಬಾಬಾಯಿಯ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಒಂದು ಅಕ್ಷರ ತುಟಿಯವರೆಗೆ ಬಂದು ಹಿಂದಕ್ಕೆ ಹೋದದ್ದು ಗಂಗಾಲಕ್ಷ್ಮಿಗೆ ಕಂಡಿತು. ಅಂಗೈ ಎತ್ತಿ, ತಾಳು ಎನ್ನುವಂತೆ ತೋರಿಸಿದರು. ಆಮೇಲೆ ಅದೇ ಕೈಯನ್ನು ಇನ್ನೊಂದಕ್ಕೆ ಜೋಡಿಸಿ, ತನಗಿಂತ ಎಷ್ಟೋ ಚಿಕ್ಕವಳಾದ, ತನ್ನ ಜೀಪಿನ ಹಿಂದೆ ಓಡಿದ್ದವಳಿಗೆ ಕೈಮುಗಿದರು.

ಗಂಗಾಲಕ್ಷ್ಮಿಯ ಸಿಟ್ಟು ಅಲ್ಲೇ ನಿಂತಿತು. ಮನೆಯವರು ಜೀವಮಾನವಿಡೀ ಯಾವುದನ್ನು ಮುಟ್ಟಬೇಡ ಎಂದಿದ್ದರೋ ಅದನ್ನು ಈ ಮುದುಕಿ ಒಬ್ಬಳೇ ಎತ್ತಿಕೊಂಡು, ಗಂಡಸರು ಮರೆತ ನೇಮವನ್ನು ಚೂರೂ ಬಿಡದೆ ಪಾಲಿಸುತ್ತಿದ್ದಳು. ಆ ಹಿತ್ತಲಿನಲ್ಲಿ ಕೂತ ಹೊತ್ತು ಗಂಗಾಲಕ್ಷ್ಮಿಗೆ ತಾನು ಪೊಲೀಸು ಎನ್ನುವುದೂ ಮರೆಯಿತು. ಗುಡಿಯಲ್ಲಿ ಎಂದೂ ಬಾರದ ಭಯಭಕ್ತಿ ಇಲ್ಲಿ ಬಂದು ಮೈಯನ್ನು ತುಂಬಿಕೊಂಡಿತು.

"ಮೇಡಂ," ಅಶ್ವತ್ಥಪ್ಪ ಪಿಸುಗುಟ್ಟಿದರು, "ಹೊತ್ತಾಗ್ತಾ ಇದೆ. ಕೋರ್ಟು."

ಆಗ ಫೋನು ಬಡಿದುಕೊಂಡಿತು.

ಒಂದು ಸಲ. ಇನ್ನೊಂದು ಸಲ. ನಿಂತುಹೋಯಿತು.

ಮಿಸ್ಡ್ ಕಾಲ್.

ಅಂಬಾಬಾಯಿ ಫೋನಿನ ಪರದೆ ನೋಡಿದರು. ಕಣ್ಣು ಮುಚ್ಚಿ, ಶ್ರೀನಿವಾಸಪುರದ ದಿಕ್ಕಿಗೆ ತಿರುಗಿ ಕೈಮುಗಿದರು. ಲೋಟ ಎತ್ತಿ ನೀರನ್ನು ಪೂರ್ತಿ ಕುಡಿದರು.

"ನರಸಿಂಹ ಕೂತ ಕಣಮ್ಮಾ."

ಅಶ್ವತ್ಥಪ್ಪ ಬಾಗಿಲಿನಲ್ಲೇ ಟೋಪಿ ತೆಗೆದು ಕೈಮುಗಿದರು.

"ಸುರೇಶನನ್ನ ಈಗಲೇ ಬಿಟ್ಬಿಡಿ. ಅವನ ಮೇಲೆ ಒಂದು ಏಟು ಬಿದ್ದಿದ್ರೂ ಆ ಪಾಪ ನನ್ನದು, ಅವನ ಕಾಲಿಗೆ ಬೀಳ್ತೀನಿ. ಎತ್ತಿಕೊಂಡು ಹೋದೋಳು ನಾನು. ಬರ್ಕೊಳ್ಳಿ, ರುಜು ಹಾಕ್ತೀನಿ. ಕಾರಲ್ಲಿ ಹೋಗೋಕೆ ಅವನಿಗೆ ಮನಸ್ಸಿರಲಿಲ್ಲ ಅಂತ ಕಾಣುತ್ತೆ. ಇನ್ನೊಬ್ಬಳ ತಲೆ ಮೇಲೆ ಕೂತು, ಜನರ ಕಣ್ಣು ತಪ್ಪಿಸಿ ತೋಪು ತೋಪು ಸುತ್ತಿಕೊಂಡು ನಡೆದೇ ಹೋದ."

"ಎಲ್ಲಿಗೆ?"

"ನಮ್ಮ ತಾತ ಯಾರ ಮನೆ ಗೂಡಿನಿಂದ ಅವನನ್ನ ಎತ್ತಿಕೊಂಡು ಬಂದಿದ್ರೋ, ಆ ಗೂಡಿಗೆ. ಅವರು ದೀಪ ಹಚ್ಚೋದನ್ನ ಇವತ್ತಿಗೂ ಬಿಟ್ಟಿಲ್ಲ."

ಗೂಡು ಎಂಬ ಮಾತು ಗಂಗಾಲಕ್ಷ್ಮಿಯ ಕಿವಿಗೆ ಬಿತ್ತು. ಖಾಲಿ ಗೂಡಿಗೆ ದೀಪ ಹಚ್ಚುವ ಅಮ್ಮ ನೆನಪಾದಳು.

ಅಂಬಾಬಾಯಿ ಫೋನನ್ನು ಚಾಚಿದರು. ಮೇಲಿನಿಂದ ಬಿಡಲಿಲ್ಲ. ಅವಳ ಅಂಗೈಯಲ್ಲಿ ಇಟ್ಟು, ಅವಳ ಬೆರಳುಗಳನ್ನು ತಾವೇ ಮಡಿಸಿದರು.

"ನಿನ್ನನ್ನ ನೋಡಿದ ಕೂಡಲೇ ಗೊತ್ತಾಯ್ತು. ಕಣ್ಣು ಅವಳದೇ."

ಪರದೆಯ ಮೇಲೆ ಹೆಸರಿರಲಿಲ್ಲ, ಬರೀ ಅಂಕಿ. ಹೆಸರು ಬೇಕಾಗಿಯೂ ಇರಲಿಲ್ಲ. ಆ ಸಿಮ್ಮನ್ನು ತನ್ನ ಮೊದಲ ಸಂಬಳದಲ್ಲಿ ಕೊಂಡು, ದೊಡ್ಡಗಂಗಮ್ಮನ ಫೋನಿಗೆ ತಾನೇ ಹಾಕಿಕೊಟ್ಟಿದ್ದಳು ಗಂಗಾಲಕ್ಷ್ಮಿ.

ಒಳಗಿನಿಂದ ಹೆಜ್ಜೆಯ ಸದ್ದು. ಮಾತು ಕೇಳಿಸಿ ಸಂಕರ್ಷಣ ಓಡಿ ಬಂದಿದ್ದರು.

"ಅತ್ತೆ ಮಾತಾಡಿದ್ರಾ? ಏನಂದ್ರು? ದೇವರು ಯಾರ ಹತ್ರ ಇದಾನಂತೆ? ಯಾರದು ಮೇಡಂ ಆ ನಂಬರು?"

ಅಶ್ವತ್ಥಪ್ಪ ಬರೆದುಕೊಳ್ಳಲು ಪೆನ್ನು ತೆಗೆದು ಅವಳ ಮುಖ ನೋಡಿದರು. ಗಂಗಾಲಕ್ಷ್ಮಿ ಬಾಯಿ ತೆರೆದಳು.

ಮಾತು ಬರಲಿಲ್ಲ.